ಬೇರೆ ಬಗೆಯ ಮನಸ್ಸು ಮತ್ತು ಈಗಿನ ಕ್ಷಣ

‘ಹೋದುದನ್ನು ಚಿಂತಿಸಬೇಡ, ಬರುವುದಕ್ಕೆ ಹೆದರಬೇಡ, ಈ ಕ್ಷಣದಲ್ಲಿ ಬದುಕು’ ಎಂಬ ಉಪದೇಶವನ್ನು ಕೇಳದ ವಿದ್ಯಾರ್ಥಿ ಇಂದು ವಿರಳ. ಗುರುಹಿರಿಯರು ಇದನ್ನು ಹೇಳುವರು; ಗೋಡೆಯ ಮೇಲಿನ ಕ್ಯಾಲೆಂಡರು ಹೇಳುವುದು; ಕೈಯೊಳಗಿನ ಫೋನು ಕೂಡ ದಿನಕ್ಕೆ ಹತ್ತು ಸಲ ಹೇಳಿ, ಮರುಗಳಿಗೆಯಲ್ಲಿಯೇ ಗಂಟೆ ಬಾರಿಸಿ ಆ ಕ್ಷಣವನ್ನು ಕಸಿದುಕೊಳ್ಳುವುದು. ಉಪದೇಶವೇನೋ ಕೆಟ್ಟದ್ದಲ್ಲ. ಆದರೆ ಎಲ್ಲ ಬಗೆಯ ಮನಸ್ಸುಗಳಿಗೂ ಅದರ ಅರ್ಥ ಒಂದೆಯೇ, ಎಲ್ಲರೂ ಅಲ್ಲಿಗೆ ಒಂದೇ ದಾರಿಯಿಂದ ಹೋಗಬಲ್ಲರೇ ಎಂದು ವಿಚಾರಿಸಿದವರು ಕಡಮೆ. ಈ ಲೇಖನದಲ್ಲಿ ಆ ವಿಚಾರವನ್ನು ಎತ್ತಿಕೊಳ್ಳಬೇಕೆಂದಿದ್ದೇನೆ.

ಮೊದಲು ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಮನಸ್ಸು ಅಲೆಯುವುದು ಯಾರೊಬ್ಬರ ರೋಗವೂ ಅಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಮನೋವಿಜ್ಞಾನಿಗಳು 2,250 ಮಂದಿ ವಯಸ್ಕರನ್ನು ಅವರ ಫೋನಿನ ಮೂಲಕವೇ ಹೊತ್ತುಹೊತ್ತಿಗೆ ಪ್ರಶ್ನಿಸಿದರು: ಈಗ ಏನು ಮಾಡುತ್ತಿರುವಿರಿ, ಮನಸ್ಸು ಅದರಲ್ಲಿಯೇ ಇದೆಯೇ? ದೊರೆತ ಉತ್ತರಗಳಲ್ಲಿ ನೂರಕ್ಕೆ ಸುಮಾರು 47ರಲ್ಲಿ ಮನಸ್ಸು ಬೇರೆಲ್ಲಿಯೋ ಇತ್ತು. ಎಂದರೆ ಸಾಮಾನ್ಯರೆನಿಸಿಕೊಂಡವರು ಸಹ ಎಚ್ಚರದ ಹೊತ್ತಿನಲ್ಲಿ ಹೆಚ್ಚು ಕಡಮೆ ಅರ್ಧಭಾಗ ‘ಈ ಕ್ಷಣ’ದ ಹೊರಗಡೆಯೇ ಸಂಸಾರ ಮಾಡುತ್ತಾರೆಂದಾಯಿತು. ಹೀಗಿರುವಲ್ಲಿ, ಮೆದುಳಿನ ಕಟ್ಟೋಣವೇ ಸ್ವಲ್ಪ ಬೇರೆಯಾಗಿರುವ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ ‘ನಿನಗೆ ಮಾತ್ರ ಗಮನವಿಲ್ಲ’ ಎನ್ನುವವರು ಕೊಂಚ ತಡೆದು ಮಾತನಾಡುವುದು ಲೇಸು.

ಬೇರೆಯಾದ ಕಟ್ಟೋಣ ಎಂದೆನಷ್ಟೆ. ಅದನ್ನು ಕುರಿತು ‘ನ್ಯೂರೋಡೈವರ್ಸಿಟಿ’ ಎಂಬ ಮಾತು 1990ರ ದಶಕದ ಕೊನೆಯ ಭಾಗದಲ್ಲಿ ಚಲಾವಣೆಗೆ ಬಂದಿತು. ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದು. ಇದನ್ನು ಬಳಕೆಗೆ ತಂದವರು ವೈದ್ಯರಲ್ಲ. ಬಹುಮಟ್ಟಿಗೆ ಅಂಥ ಮನಸ್ಸುಳ್ಳವರೇ. ಆಟಿಸಂ ಅಥವಾ ಸ್ವಲೀನತೆ, ಎ.ಡಿ.ಎಚ್.ಡಿ. ಎಂದು ಚುಟುಕಾಗಿ ಕರೆಯುವ ಅವಧಾನದ ತೊಡಕು, ಓದುಬರಹದ ನಿರ್ದಿಷ್ಟ ಕಲಿಕೆಯ ತೊಂದರೆ ಇವೆಲ್ಲ ಅದರಲ್ಲಿ ಅಡಕವಾಗುವುವು. ಲೋಕದ ನಾನಾ ದೇಶಗಳ ಸಮೀಕ್ಷೆಗಳನ್ನು ಕೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಎ.ಡಿ.ಎಚ್.ಡಿ. ಇರುವುದಾಗಿಯೂ, ನೂರು ನೂರಿಪ್ಪತ್ತೈದು ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇರುವುದಾಗಿಯೂ ಕಂಡುಬಂದಿದೆ. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಅರವತ್ತು ಮಂದಿ ಕುಳಿತಿರುವ ಪ್ರೌಢಶಾಲೆಯ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಲೆಕ್ಕದ ಪ್ರಕಾರ ಅಲ್ಲಿ ಎರಡು ಮೂರು ಮಂದಿಯಾದರೂ ಇಂಥವರು ಇರಲೇಬೇಕು. ಅವರಲ್ಲಿ ಗಲಾಟೆ ಮಾಡುವ ಹುಡುಗ ಬೇಗ ಕಣ್ಣಿಗೆ ಬೀಳುವನು. ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ಕನಸು ಕಾಣುವ ಹುಡುಗಿಯನ್ನು ‘ಮೆದು ಸ್ವಭಾವದವಳು’ ಎಂದು ಬಿಟ್ಟುಬಿಡುವರು. ಹುಡುಗಿಯರಲ್ಲಿ ಈ ತೊಡಕು ತೀರ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ.

ಎ.ಡಿ.ಎಚ್.ಡಿ. ಎಂಬುದರ ಪೂರ್ಣರೂಪದಲ್ಲಿ ‘ಅವಧಾನದ ಕೊರತೆ’ ಎಂಬ ಮಾತಿದೆ. ನನ್ನ ಅಭಿಪ್ರಾಯದಲ್ಲಿ ಈ ಹೆಸರೇ ಅರ್ಧ ತಪ್ಪು ತಿಳಿವಳಿಕೆಗೆ ಮೂಲ. ನಮ್ಮ ಊರಿನ ಒಂದು ನಿದರ್ಶನದಿಂದ ಇದನ್ನು ವಿವರಿಸುತ್ತೇನೆ. ಹೊಸಪೇಟೆಯ ಮಗ್ಗುಲಿನ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದಕ್ಕೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದು ನಿಮಗೆ ನೆನಪಿರಬಹುದು. ಆ ವರ್ಷ ಮಳೆಗೆ ಬರವಿರಲಿಲ್ಲ, ಜಲಾಶಯ ತುಂಬಿತ್ತು, ಕಟ್ಟೆಯ ಕಲ್ಲು ಅಲುಗಲಿಲ್ಲ. ಕೆಟ್ಟುದು ಒಂದು ಸರಪಳಿ. ಆದರೂ ಒತ್ತಡವನ್ನು ಇಳಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಾಲುವೆಗೆ ಹರಿಯಬೇಕಾಗಿದ್ದ ನೀರು ಹೊಳೆಯ ಪಾಲಾಯಿತು. ಕಂಪ್ಲಿಯ ಕಡೆಯ ರೈತರು ಎರಡನೆಯ ಬೆಳೆಯ ಚಿಂತೆಗೆ ಬಿದ್ದರು. ಅವಧಾನದ ತೊಡಕೂ ಇಂಥದೇ. ನೀರಿನ ಅಭಾವವಲ್ಲ, ನೀರನ್ನು ಬೇಕಾದಾಗ ಬೇಕಾದಷ್ಟು ಬಿಡುವ, ಬೇಡವಾದಾಗ ತಡೆಯುವ ಯಂತ್ರದ ತೊಂದರೆ. ಅದೇ ಹುಡುಗನು ಗಾಳಿಪಟದ ಸೂತ್ರ ಕಟ್ಟುವಾಗ ಮೂರು ಗಂಟೆ ತಲೆಯೆತ್ತದೆ ಕುಳಿತಿರಬಲ್ಲನು. ಅವಧಾನವೇ ಇಲ್ಲದಿದ್ದಲ್ಲಿ ಇದು ಎಲ್ಲಿಂದ ಬರಬೇಕು?

ಉಪಮೆಯನ್ನು ಬಹಳ ದೂರ ಎಳೆಯಬಾರದು, ಮೆದುಳು ಅಣೆಕಟ್ಟಲ್ಲ. ಅಲ್ಲಿ ಹಣೆಯ ಹಿಂಭಾಗದ ಪೂರ್ವ ಮಸ್ತಿಷ್ಕವೂ ಅದರೊಡನೆ ಜೋಡಣೆಗೊಂಡ ಒಳಗಿನ ನರಕೇಂದ್ರಗಳೂ ಸೇರಿ ‘ಈಗ ಇದು, ಅದು ಆಮೇಲೆ’ ಎಂದು ತೀರ್ಮಾನಿಸುವುವು. ಡೋಪಮೀನ್ ಮತ್ತು ನಾರ್‌ಅಡ್ರಿನಲೀನ್ ಎಂಬ ರಾಸಾಯನಿಕಗಳು ಈ ಕೆಲಸದಲ್ಲಿ ಸುದ್ದಿ ಒಯ್ಯುವ ಜವಾನರು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಫಿಲಿಪ್ ಷಾ ಮತ್ತು ಅವರ ಸಂಗಡಿಗರು ಮಕ್ಕಳ ಮೆದುಳಿನ ಚಿತ್ರಗಳನ್ನು ಅಳೆದು, ಎ.ಡಿ.ಎಚ್.ಡಿ. ಇರುವವರಲ್ಲಿ ಮೆದುಳಿನ ಹೊರಪದರವು ತನ್ನ ಪೂರ್ಣ ದಪ್ಪವನ್ನು ಮುಟ್ಟುವುದು ಸರಾಸರಿ ಸುಮಾರು ಮೂರು ವರ್ಷ ತಡವೆಂದು ತೋರಿಸಿದರು. ಬೆಳವಣಿಗೆಯ ಕ್ರಮ ಅದೇ. ವೇಗ ಮಾತ್ರ ಬೇರೆ. ಹದಿಮೂರರ ಹುಡುಗನಿಂದ ಹದಿಮೂರರ ಸಂಯಮವನ್ನೇ ನಿರೀಕ್ಷಿಸುವ ಮೊದಲು ಈ ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥವನಿಗೆ ‘ಈ ಕ್ಷಣದಲ್ಲಿ ಬದುಕು’ ಎಂದರೆ ಅವನು ನಗಬಹುದು. ಏತಕ್ಕೆಂದರೆ ಅವನಿಗೆ ಇರುವುದು ಆ ಕ್ಷಣವೊಂದೇ. ಕಾಲವು ಅವನಿಗೆ ಎರಡೇ ಭಾಗ: ‘ಈಗ’ ಮತ್ತು ‘ಈಗಲ್ಲ’. ನಾಳೆಯ ಪರೀಕ್ಷೆಯೂ ಮುಂದಿನ ವರ್ಷದ ಪರೀಕ್ಷೆಯೂ ‘ಈಗಲ್ಲ’ ಎಂಬ ಒಂದೇ ಚೀಲದಲ್ಲಿ ಬಿದ್ದಿರುವುವು. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಇದನ್ನು ಕಾಲದ ವಿಷಯದಲ್ಲಿ ದೃಷ್ಟಿ ಮಂದವಾಗಿರುವುದಕ್ಕೆ ಹೋಲಿಸಿದ್ದಾರೆ. ನಾನು ಇದನ್ನು ಪುಸ್ತಕದಿಂದ ಮಾತ್ರ ತಿಳಿದು ಬರೆಯುತ್ತಿಲ್ಲ. ನನ್ನ ಮನಸ್ಸೂ ಈ ಜಾತಿಯದೇ. ಹೊಸಪೇಟೆಯ ನಿಲ್ದಾಣದಲ್ಲಿ ಕಂಪ್ಲಿಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಉಂಟೆಂದು ಯಾರಾದರೂ ಹೇಳಿದರೆ, ಆ ಇಪ್ಪತ್ತು ನಿಮಿಷದ ಉದ್ದ ಎಷ್ಟೆಂಬುದು ನನಗೆ ಒಳಗಿನಿಂದ ತಿಳಿಯದು. ಗಡಿಯಾರದ ಮುಳ್ಳನ್ನು ಕಣ್ಣಿನಿಂದ ಕಾಣುತ್ತಿದ್ದರೆ ಮಾತ್ರ ತಿಳಿಯುವುದು. ಇದು ಸೋಮಾರಿತನವೂ ಅಲ್ಲ, ಅಲಕ್ಷ್ಯವೂ ಅಲ್ಲ. ಬಣ್ಣಗುರುಡನಿಗೆ ಕೆಂಪುಹಸಿರು ಬೇರೆಯಾಗಿ ಕಾಣದಿರುವುದನ್ನು ಯಾರೂ ಶೀಲದ ದೋಷವೆಂದು ಕರೆಯುವುದಿಲ್ಲವಲ್ಲ!

ಕ್ಷಣದಲ್ಲಿಯೇ ಇರುವುದು ಒಂದು, ಕ್ಷಣಕ್ಕೆ ಸೆರೆಯಾಗಿರುವುದು ಇನ್ನೊಂದು. ಸೆರೆಯಲ್ಲಿರುವವನಿಗೆ ನೆಮ್ಮದಿಯಿಲ್ಲ. ಮಾಡಬೇಕಾದುದು ಏನೋ ಉಳಿದಿದೆ, ಏನೆಂದು ಗೊತ್ತಿಲ್ಲ ಎಂಬ ಅಳುಕು ಬೆನ್ನಿಗೇ ಇರುವುದು. ಆಡುವಾಗ ಓದು ಕಾಡುವುದು. ಓದುವಾಗ ಆಟ ಕಾಡುವುದು. ಆದುದರಿಂದ ಅವನು ಕಲಿಯಬೇಕಾದುದು ನಾಳೆಯನ್ನು ಮರೆಯುವುದನ್ನಲ್ಲ. ನಾಳೆಯನ್ನು ತಲೆಯಿಂದ ಹೊರಗೆ ತೆಗೆದು ಗೋಡೆಯ ಮೇಲೋ ಕಾಗದದ ಮೇಲೋ ಭದ್ರವಾಗಿ ಇಡುವುದನ್ನು. ಅಲ್ಲಿ ಅದು ಕಾಣುತ್ತಿದ್ದರೆ ತಲೆ ಅದನ್ನು ಹೊರಬೇಕಾಗಿಲ್ಲ. ಆಗ ಈ ಗಳಿಗೆ ಅವನ ಪಾಲಿಗೆ ಬಿಡುವಾಗುವುದು.

ಸ್ವಲೀನತೆಯುಳ್ಳವರ ಸಮಾಚಾರ ಬೇರೆ. ಅವರ ಅವಧಾನ ಹರಡುವುದಿಲ್ಲ, ಆಳಕ್ಕೆ ಇಳಿಯುವುದು. 2005ರಲ್ಲಿ ಇಂಗ್ಲೆಂಡಿನ ಡೈನಾ ಮರ್ರೆ ಮತ್ತು ಸಂಗಡಿಗರು ಈ ಸಂಗತಿಯನ್ನೇ ಮುಂದಿಟ್ಟು ಸ್ವಲೀನತೆಗೆ ಒಂದು ವಿವರಣೆಯನ್ನು ಪ್ರಕಟಿಸಿದರು: ಒಂದು ಹೊತ್ತಿಗೆ ಒಂದೇ ಆಸಕ್ತಿ ಮನಸ್ಸನ್ನೆಲ್ಲ ತುಂಬಿಕೊಳ್ಳುತ್ತದೆ, ಮಿಕ್ಕುದು ಅಂಚಿಗೆ ಸರಿಯುತ್ತದೆ ಎಂದು. ಹಂಪಿಗೆ ಶಾಲೆಯ ಪ್ರವಾಸ ಹೋದವರು ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ತಲೆಕೆಳಗಾದ ನೆರಳನ್ನು ನೋಡಿಯೇ ಇರುವಿರಿ. ಗೋಡೆಯ ಸಣ್ಣ ಕಿಂಡಿಯಿಂದ ತೂರಿದ ಬೆಳಕು ಪೂರ್ವದ ಗೋಪುರವನ್ನು ಒಳಗಿನ ಗೋಡೆಯ ಮೇಲೆ ತಿರುವಿ ಮೂಡಿಸುತ್ತದೆ. ಬೆಳಕು ನೆಟ್ಟಗೆ ಚಲಿಸುವುದೆಂಬ ಪಾಠಕ್ಕೆ ಇದಕ್ಕಿಂತ ಚೆಲುವಾದ ಪ್ರಯೋಗಶಾಲೆ ನಮ್ಮ ಸೀಮೆಯಲ್ಲಿಲ್ಲ. ನಲವತ್ತು ಮಕ್ಕಳು ‘ಓಹೋ’ ಎಂದು ಅರ್ಧ ನಿಮಿಷದಲ್ಲಿ ಮುಂದೆ ಹೋಗುವರು. ಒಂದು ಮಗು ಅಲ್ಲಿಯೇ ನಿಲ್ಲುವುದು. ಮೋಡ ಸರಿದಾಗ ನೆರಳು ಮಸುಕಾಗುವುದನ್ನೂ, ಹಕ್ಕಿ ಗೋಪುರದ ತುದಿಯಿಂದ ಹಾರಿದರೆ ಗೋಡೆಯಲ್ಲಿ ಕೆಳಗಡೆ ಏನೋ ಮಿಣುಕುವುದನ್ನೂ ಕಾಯುತ್ತ ನಿಲ್ಲುವುದು. ಈ ಕ್ಷಣದಲ್ಲಿ ಬದುಕುವುದೆಂದರೆ ಇದಲ್ಲದೆ ಬೇರೇನು? ಆದರೆ ನಾವು ಆ ಮಗುವಿನ ರಟ್ಟೆ ಹಿಡಿದು ಎಳೆದೊಯ್ಯುವೆವು, ಬಸ್ಸಿಗೆ ಹೊತ್ತಾಯಿತೆಂದು.

ಅಂಥ ಮಗುವಿಗೆ ಕಷ್ಟವಾಗುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ. ಮುಂದೇನು ಎಂಬುದು ತಿಳಿಯದಿದ್ದರೆ ಈಗಿನದೂ ಕೆಟ್ಟುಹೋಗುವುದು. ಇದರ ಮೇಲೆ ಇಂದ್ರಿಯಗಳ ಹೊರೆ ಬೇರೆ. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಏಕಕಾಲಕ್ಕೆ ಕೂಗುವ ಹಾರನ್ನು, ಧ್ವನಿವರ್ಧಕ, ಹಣ್ಣಿನವನ ಕೂಗು ಇವುಗಳಲ್ಲಿ ಬೇಡವಾದುದನ್ನು ನಮ್ಮಲ್ಲಿ ಹಲವರ ಮೆದುಳು ತಾನಾಗಿ ಜರಡಿ ಹಿಡಿದು ಬಿಡುವುದು. ಜರಡಿಯ ಕಣ್ಣು ದೊಡ್ಡದಾಗಿರುವವನಿಗೆ ಎಲ್ಲವೂ ಒಂದೇ ಬಲದಿಂದ ಒಳನುಗ್ಗುವುವು. ಸಂಡೂರಿನ ಅದಿರಿನ ಲಾರಿಗಳು ಸಾಲಾಗಿ ಹಾದುಹೋಗುವ ರಸ್ತೆಯ ಬದಿಯಲ್ಲಿ ತರಗತಿ ನಡೆಯುತ್ತಿದ್ದರೆ ಅಂಥವನು ಕಿವಿ ಮುಚ್ಚಿಕೊಳ್ಳುವುದು ಉದ್ಧಟತನವಲ್ಲ, ಆತ್ಮರಕ್ಷಣೆ. ಸಹಿಸಲಾಗದ ಕ್ಷಣದಲ್ಲಿ ‘ಬದುಕು’ ಎನ್ನುವುದು ಸುಡುವ ಬಂಡೆಯ ಮೇಲೆ ಕುಳಿತುಕೊ ಎಂದಂತೆಯೇ ಸರಿ.

ಹಾಗಾದರೆ ಉಪಾಯವೇನು? ಇಂದು ಎಲ್ಲರೂ ಸೂಚಿಸುವುದು ಧ್ಯಾನವನ್ನು. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಲ್ಲಿ ಬೌದ್ಧ ಧ್ಯಾನದ ಕ್ರಮವನ್ನು ರೋಗಿಗಳಿಗೆ ಕಲಿಸತೊಡಗಿದ ಮೇಲೆ ಅದು ವೈದ್ಯವಿಜ್ಞಾನದ ಅಂಗಳಕ್ಕೂ ಬಂದಿತು. ಅವಧಾನದ ತೊಡಕುಳ್ಳವರಿಗೆ ಅದರಿಂದ ಸ್ವಲ್ಪ ಪ್ರಯೋಜನವಿದೆಯೆಂದು ಹೇಳುವ ಪರೀಕ್ಷೆಗಳು ಉಂಟು. ಆದರೆ ಬಹುತೇಕ ಚಿಕ್ಕ ಪರೀಕ್ಷೆಗಳು. ಔಷಧವನ್ನೂ ತರಬೇತಿಯನ್ನೂ ಬಿಟ್ಟು ಇದೊಂದನ್ನೇ ಹಿಡಿಯಿರಿ ಎಂದು ಅವುಗಳ ಆಧಾರದಿಂದ ಹೇಳಲಾಗದು. ಅಲ್ಲದೆ ಕಣ್ಣು ಮುಚ್ಚಿ ಅಲುಗಾಡದೆ ಅರ್ಧ ಗಂಟೆ ಕೂರಿಸುವುದು ಕೆಲವರಿಗೆ ಶಿಕ್ಷೆಯೇ ಆಗುವುದು. ಕೂತವನ ಮನಸ್ಸು ಹಂಪಿಯಿಂದ ಕಾಶಿಗೆ ಹೋಗಿ ಬಂದಿರುತ್ತದೆ. ಎದ್ದಾಗ ಅವನಿಗೆ ಉಳಿಯುವುದು ‘ಇದೂ ನನ್ನಿಂದಾಗಲಿಲ್ಲ’ ಎಂಬ ಹೊಸದೊಂದು ಸೋಲು.

ಕೈಗೆ ಕೆಲಸ ಕೊಟ್ಟರೆ ಮನಸ್ಸು ಬರುವುದೆಂಬುದು ನನ್ನ ಅನುಭವ. ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಲೆಯ 1,755 ವಸ್ತುಗಳನ್ನು 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ನಾಲ್ಕುನೂರೈವತ್ತಕ್ಕೂ ಹೆಚ್ಚು ಮಂದಿ ಹೆಂಗಸರ ಕೈಕೆಲಸ ಅದು. ದಾಖಲೆಯ ಮಾತು ಹಾಗಿರಲಿ. ಸೂಜಿ ಒಳಹೋಗುವುದು, ಹೊರಬರುವುದು, ಹೊಲಿಗೆಯೊಂದು ಕಣ್ಣೆದುರಿಗೇ ಮೂಡುವುದು. ಪ್ರತಿಫಲಕ್ಕಾಗಿ ತಿಂಗಳು ಕಾಯಬೇಕಾಗಿಲ್ಲ. ಅವಧಾನದ ತೊಡಕುಳ್ಳ ಮನಸ್ಸು ದೂರದ ದೊಡ್ಡ ಬಹುಮಾನಕ್ಕಿಂತ ಹತ್ತಿರದ ಚಿಕ್ಕದಕ್ಕೆ ಹೆಚ್ಚು ಓಗೊಡುವುದೆಂದು ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಕಂಡುಕೊಂಡಿದ್ದಾರಷ್ಟೆ. ಕಸೂತಿಯ ಪ್ರತಿಯೊಂದು ಹೊಲಿಗೆಯೂ ಅಂಥದೊಂದು ಬಹುಮಾನ. ಕಸೂತಿಯೇ ಆಗಬೇಕೆಂದೇನೂ ಇಲ್ಲ. ಸೈಕಲ್ಲಿನ ಚಕ್ರ ಬಿಚ್ಚುವುದಾದೀತು, ತಬಲ ಆದೀತು, ಕಂಪ್ಲಿಯ ಗದ್ದೆಯಲ್ಲಿ ಸಾಲು ಹಿಡಿದು ಭತ್ತದ ಸಸಿ ನಾಟುವುದಾದರೂ ಆದೀತು.

ತುಂಗಭದ್ರೆಯ ಹರಿಗೋಲಿನಿಂದಲೂ ನಾನು ಒಂದು ಪಾಠ ಕಲಿತಿದ್ದೇನೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನೂ ಈ ಬುಟ್ಟಿಯಾಕಾರದ ದೋಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಬಿದಿರಿನ ಹೆಣಿಗೆ, ದುಂಡು ತಳ. ಮುಂದು ಹಿಂದು ಎಂಬುದೇ ಇಲ್ಲ. ಉದ್ದನೆಯ ದೋಣಿಗೆ ತಳದಲ್ಲಿ ಬೆನ್ನೆಲುಬಿನಂಥ ಏಣು ಇರುವುದರಿಂದ ಅದು ನೇರ ಹೋಗಬಲ್ಲುದು. ಹರಿಗೋಲಿಗೆ ಅದಿಲ್ಲ, ಒಂದು ಹುಟ್ಟು ಹಾಕಿದೊಡನೆ ಸುತ್ತತೊಡಗುವುದು. ಅಂಬಿಗನು ಸುತ್ತುವುದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಹೊಳೆಯ ಸೆಳೆತಕ್ಕೆಂದು ಆಚೆ ದಡದ ಗುರಿಗಿಂತ ಸ್ವಲ್ಪ ಮೇಲಿನಿಂದಲೇ ಹೊರಟು, ಸುತ್ತುತ್ತ ಸುತ್ತುತ್ತಲೇ ಸರಿಯಾದ ಬಂಡೆಯ ಬಳಿ ಮುಟ್ಟುವನು. ಮನಸ್ಸು ಅಲೆಯಿತೆಂದು ಬೈದುಕೊಳ್ಳುವುದು ಒಂದು ಹುಟ್ಟಿನ ನಷ್ಟ. ಸುಮ್ಮನೆ ಇನ್ನೊಂದು ಹುಟ್ಟು ಹಾಕುವುದು ಲಾಭ. ಹತ್ತು ನಿಮಿಷದಲ್ಲಿ ಹತ್ತು ಸಲ ಅಲೆದ ಮನಸ್ಸನ್ನು ಹತ್ತು ಸಲ ಕರೆತಂದವನು ಹತ್ತು ಸಲ ಅಭ್ಯಾಸ ಮಾಡಿದನೆಂದೇ ಲೆಕ್ಕ.

ಔಷಧದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧವೊಂದರಿಂದ ಚಂಚಲ ಮಕ್ಕಳು ಶಾಂತವಾಗಿ ಓದತೊಡಗಿದುದನ್ನು ವರದಿ ಮಾಡಿದಂದಿನಿಂದ ಈ ಬಗೆಯ ಔಷಧಗಳ ಮೇಲೆ ಅಪಾರ ಸಂಶೋಧನೆ ನಡೆದಿದೆ. ಎ.ಡಿ.ಎಚ್.ಡಿ. ಇರುವ ಅನೇಕರಿಗೆ ಅವು ಉಪಕಾರಿ. ಸ್ವಲೀನತೆಗೆ ಅಂಥ ಔಷಧವಿಲ್ಲ. ಕೊಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸತಕ್ಕವರು ಮನೋವೈದ್ಯರು. ನೆಂಟರೂ ಅಲ್ಲ, ಈ ಲೇಖನವೂ ಅಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಬೆತ್ತವೊಂದಿತ್ತು, ಎಲ್ಲರೂ ಸರಿಯಾದರು’ ಎನ್ನುವ ಹಿರಿಯರು ಇದ್ದಾರೆ. ಇರಲಿಲ್ಲವೆಂಬುದು ನಿಜವಲ್ಲ. 1902ರಲ್ಲಿಯೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ವರ್ಣಿಸಿ ಉಪನ್ಯಾಸ ಕೊಟ್ಟಿದ್ದರು. ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದುದು ಮಾತ್ರ ಆ ಕಾಲದ ಮಾತು. ಸರಿಯಾದರು ಎಂಬುದೂ ಅರ್ಧಸತ್ಯ. ಸರಿಯಾಗದವರು ಶಾಲೆ ಬಿಟ್ಟರು. ಶಾಲೆ ಬಿಟ್ಟವರನ್ನು ಯಾರೂ ಎಣಿಸಲಿಲ್ಲ.

ಈ ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದಿದೆ. 1985ರಿಂದ 1990ರ ವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯಕೇಂದ್ರಗಳಿಗೇ ಒಯ್ಯುವ ಪ್ರಯೋಗವನ್ನು ನಡೆಸಿದುದು ಬಳ್ಳಾರಿ ಜಿಲ್ಲೆಯಲ್ಲಿ. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆ ಜಿಲ್ಲೆಯೊಳಗೇ ಇದ್ದುವು. ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದುದು 2021ರಲ್ಲಿ. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲಿಯೇ ರೋಗವನ್ನು ಗುರುತಿಸಿ ಔಷಧ ಕೊಡಬಹುದೆಂದು ಇಲ್ಲಿ ಸಿದ್ಧವಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದನ್ನೇ ಅನುಸರಿಸಿ ಭಾರತ ಸರ್ಕಾರವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅಂದಿನ ಲಕ್ಷ್ಯವೆಲ್ಲ ತೀವ್ರ ಮಾನಸಿಕ ರೋಗ, ಅಪಸ್ಮಾರ, ಬುದ್ಧಿಮಾಂದ್ಯಗಳ ಕಡೆಗೆ, ಅದು ಸಹಜವೇ. ದೇಶಕ್ಕೇ ದಾರಿ ತೋರಿದ ಈ ನೆಲದಲ್ಲಿ ಎರಡನೆಯ ಹೆಜ್ಜೆ ಇಡಬೇಕಾದುದು ಶಾಲೆಯಲ್ಲಿ ಎಂಬುದು ನನ್ನ ವಾದ.

ಅದಕ್ಕೆ ಬೇಕಾದ ಕಾನೂನು ಆಗಲೇ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ನಿರ್ದಿಷ್ಟ ಕಲಿಕೆಯ ತೊಂದರೆಯೂ ಸೇರಿವೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನು ಅದು ಹೇಳುತ್ತದೆ. ಎ.ಡಿ.ಎಚ್.ಡಿ. ಆ ಪಟ್ಟಿಯಲ್ಲಿ ಹೆಸರಿನಿಂದ ಸೇರಿಲ್ಲ. ಸೇರಬೇಕು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡತಕ್ಕ ಸ್ಥಿತಿಗಳಲ್ಲಿ ಈ ಮೂರೂ ಇರುವಾಗ, ಗುರುತಿಸುವುದಕ್ಕೆ ಒಂದು ಪಟ್ಟಿ, ಹಕ್ಕು ಕೊಡುವುದಕ್ಕೆ ಇನ್ನೊಂದು ಪಟ್ಟಿ ಎಂಬುದು ಅರ್ಥವಾಗದ ವಿಚಾರ.

ಕಾನೂನಿಗೆ ಕಾಯದೆ ಮಾಡಬಹುದಾದುದೂ ಬಹಳವಿದೆ. ತರಗತಿಯಲ್ಲಿ ಎಲ್ಲರಿಗೂ ಕಾಣುವಂತೆ ಮುಳ್ಳಿನ ಗಡಿಯಾರವೊಂದು. ಕರಿಹಲಗೆಯ ಮೂಲೆಯಲ್ಲಿ ಆ ದಿನದ ಕೆಲಸಗಳ ಕ್ರಮ. ಪಾಠ ಮುಗಿಯುವುದಕ್ಕೆ ಐದು ನಿಮಿಷ ಮುಂಚೆ ಒಂದು ಸೂಚನೆ. ತುಂಗಭದ್ರೆಯಿಂದ ನೀರು ಬಿಡುವ ಮುನ್ನ ಹೊಳೆಯ ದಂಡೆಯವರಿಗೆ ಎಚ್ಚರಿಕೆ ಕೊಡುವರಷ್ಟೆ. ಕಂಪ್ಲಿಯ ಸೇತುವೆ ಮುಳುಗುವುದನ್ನು ಕಂಡವರಿಗೆ ಆ ಎಚ್ಚರಿಕೆಯ ಬೆಲೆ ಗೊತ್ತು. ಮಗುವಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ಕಾಲು ಅಲ್ಲಾಡಿಸುತ್ತ, ಕೈಯಲ್ಲಿ ಏನನ್ನಾದರೂ ಹಿಸುಕುತ್ತ ಕೇಳುವವನು ಕೇಳಲಿ ಬಿಡಿ. ಅವನ ಪಾಲಿಗೆ ಅದು ಹುಟ್ಟು ಹಾಕುವ ಕೆಲಸ. ನಿಮ್ಮಲ್ಲಿಯೇ ಯಾರಿಗಾದರೂ ಇದನ್ನು ಓದುತ್ತ ತಮ್ಮದೇ ಚಿತ್ರ ಕಂಡಿದ್ದರೆ ಗಾಬರಿಯಾಗಬೇಕಾಗಿಲ್ಲ. ಲೇಖನ ಓದಿ ತಾವೇ ರೋಗದ ಹೆಸರಿಟ್ಟುಕೊಳ್ಳುವುದೂ ಬೇಡ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಎಲ್ಲಿಗೆ ಹೋಗಬೇಕೆಂದು ಅವರು ತಿಳಿಸುವರು.

ಇನ್ನು ಹಂಪಿ ಉತ್ಸವದ ವ್ಯವಸ್ಥಾಪಕರಿಗೆ ಒಂದು ವಿಜ್ಞಾಪನೆ. ಬಂಡೆಗಳ ಮೇಲೆ ದೀಪ, ವೇದಿಕೆಗಳಲ್ಲಿ ಸಂಗೀತ, ಲಕ್ಷಾಂತರ ಜನ: ಇದೆಲ್ಲ ಸಂತೋಷವೇ. ಆದರೆ ಅದೇ ಬೆಳಕು, ಅದೇ ಸದ್ದು ಅರ್ಧ ಗಂಟೆಯ ಮೇಲೆ ತಡೆಯಲಾಗದೆ ಮಕ್ಕಳನ್ನು ಎತ್ತಿಕೊಂಡು ಮನೆಗೆ ತಿರುಗುವ ಸಂಸಾರಗಳೂ ಇರುವುವು. ಧ್ವನಿವರ್ಧಕಗಳಿಂದ ದೂರವಾಗಿ, ಕಮಲಾಪುರದ ಕಡೆಯಲ್ಲೆಲ್ಲಿಯಾದರೂ, ಮಂದ ಬೆಳಕಿನ ಒಂದು ಡೇರೆಯನ್ನು ಹಾಕಿಸಿ, ಒಳಗೆ ನಾಲ್ಕು ಚಾಪೆ, ಒಂದು ಹೂಜಿ ನೀರು ಇಟ್ಟರೆ ಅವರು ಅಲ್ಲಿ ಸ್ವಲ್ಪ ಹೊತ್ತು ಕುಳಿತು ಮತ್ತೆ ಉತ್ಸವಕ್ಕೆ ಬರಬಲ್ಲರು. ಇದಕ್ಕೆ ತಗಲುವ ವೆಚ್ಚ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಹೆಚ್ಚಾಗಲಾರದು.